ಬೆಳಕಿನ ಪೆಟ್ಟಿಗೆಗೆ ಒಂದು ಅರ್ಜಿ

ಗೌರಿಬಿದನೂರು
18 ಆಗಸ್ಟ್ 2024

ಪ್ರೀತಿಯ ಲಕ್ಷ್ಮಿಗೆ ತನುಜಳ ನೆನಪುಗಳು.

ನಿಮ್ಮ ಕೆಂಚಾರ್ಲಹಳ್ಳಿಯ ಮಾವಿನ ಮರಗಳಲ್ಲಿ ಮಿಡಿ ಬಿಟ್ಟಿದೆ ಎಂದು ನೀನು ಬರೆದಿದ್ದೆ. ಈಗ ಹಣ್ಣಿನ ಕಾಲವೇ ಮುಗಿದುಹೋಯಿತು. ಇಷ್ಟು ತಡ ಮಾಡಿದ್ದಕ್ಕೆ ಬೈದುಕೊಂಡಿರುತ್ತೀಯ, ಬೈದುಕೋ. ಫೋನ್ ಮಾಡಬಹುದಿತ್ತಲ್ಲ ಎಂದು ನಿನ್ನ ಸೊಸೆ ಕೇಳಿದಳಂತೆ. ನಿನ್ನ ಕಿವಿ ಹೀಗಾದ ಮೇಲೆ ಒಂದು ಮಾತನ್ನು ಮೂರು ಸಲ ಕೂಗಬೇಕು. ನನಗೆ ಹೇಳಬೇಕಾಗಿರುವುದು ಕೂಗಿ ಹೇಳುವಂಥದ್ದಲ್ಲ. ಪಕ್ಕದ ಮನೆಯವರಿಗೂ ಕೇಳಿಸುತ್ತದೆ, ಒಳಗಿರುವ ಇವರಿಗೂ ಕೇಳಿಸುತ್ತದೆ. ಅದಕ್ಕೆ ಕಾಗದವೇ ಸರಿ. ಚಿಂತಾಮಣಿಯ ಹಾಸ್ಟೆಲಿನಲ್ಲಿ ಒಂದೇ ಟ್ರಂಕಿನಲ್ಲಿ ಇಬ್ಬರ ಬಟ್ಟೆ ಇಟ್ಟುಕೊಂಡಿದ್ದವರು ನಾವು. ನಿನ್ನ ಹತ್ತಿರ ಮುಚ್ಚಿಡುವುದೇನಿದೆ.

ಹುಳ ಹೇಗಿವೆ? ಈ ಮಳೆಗೆ ಒದ್ದೆ ಸೊಪ್ಪು ಹಾಕುವಂತಿಲ್ಲ, ಹಾಕದೆ ಇರುವಂತಿಲ್ಲ ಎಂದು ಇಲ್ಲಿಯೂ ರೇಷ್ಮೆಯವರು ಗೋಳಾಡುತ್ತಿದ್ದಾರೆ. ನಮ್ಮ ಸಂಘಮಿತ್ರ ಮೈಸೂರಿನಲ್ಲಿ ಎರಡನೇ ವರ್ಷದ ಬಿಎಸ್ಸಿ ಓದುತ್ತಿದ್ದಾಳೆ. ಹಾಸ್ಟೆಲ್ ಸಾರಿನಲ್ಲಿ ಬೇಳೆ ಹುಡುಕಬೇಕಂತೆ. ನನ್ನದು ಎಂದಿನಂತೆ ಬೆಳಗ್ಗೆ ಹತ್ತಕ್ಕೆ ಕಾಲೇಜು ಆಫೀಸು, ಸಂಜೆ ಐದೂವರೆಗೆ ಮನೆ. ಮನೆಯಲ್ಲಿ ನಾವಿಬ್ಬರೇ. ಒಬ್ಬೊಬ್ಬರೇ ಎಂದು ಬರೆದರೂ ತಪ್ಪಾಗುವುದಿಲ್ಲ.

ಇವರ ಮೈ ವಿಷಯ ನಿನಗೆ ಅಷ್ಟಿಷ್ಟು ಗೊತ್ತು. ಒಂಬತ್ತು ವರ್ಷದ ಹಿಂದೆ ಮೊಣಕೈ ಮೇಲೆ ಕಾಸಿನಗಲ ಕೆಂಪಾಗಿ, ಮೇಲೆ ಬೆಳ್ಳಗೆ ಹೊಟ್ಟು ಎದ್ದಿತ್ತು. ಸೋರಿಯಾಸಿಸ್ ಅಂದರು. ಅಂಟುವ ಕಾಯಿಲೆ ಅಲ್ಲ, ಪೂರ್ತಿ ಹೋಗುವ ಕಾಯಿಲೆಯೂ ಅಲ್ಲ ಅಂದರು. ಆಮೇಲೆ ಕಾಲು, ಬೆನ್ನು, ತಲೆ. ಹೋದ ವರ್ಷ ಅಂಗೈಗೆ ಬಂತು. ಅಲ್ಲಿಗೆ ಅಂಗಡಿಗೆ ಪೆಟ್ಟು ಬಿತ್ತು.

ಇವರ ಅಂಗಡಿ ನೀನು ನೋಡಿದ್ದೀಯ, ಬಸ್ ಸ್ಟ್ಯಾಂಡ್ ಹಿಂದಿನ, ಮಗಳ ಹೆಸರಿನ 'ಸಂಘಮಿತ್ರ ಟೈಲರ್ಸ್'. ಇವರನ್ನು ಟೈಲರಿಂಗ್ ಕಲಿಯಲು ಹಾಕಿದ್ದು ನಮ್ಮ ಮಾವ ಮುನಿನಾರಾಯಣಪ್ಪನವರು. ತೊಂಡೇಬಾವಿ ಹತ್ತಿರದ ಅವರ ಊರಿನ ಹೋಟೆಲಿನಲ್ಲಿ ನಮ್ಮವರ ಲೋಟ ಬೇರೆ ಇತ್ತು, ಗೋಡೆಯ ಗೂಡಿನಲ್ಲಿ. ಕುಡಿದು ತಾವೇ ತೊಳೆದು ಇಡಬೇಕು. ಮಾವ ಮಗನಿಗೆ ಹೇಳಿದರಂತೆ: "ಟೇಪು ಹಿಡ್ಕೊಂಡೋನ ಮುಂದೆ ಎಂಥೋನಾದ್ರೂ ಕೈ ಎತ್ಕೊಂಡು ನಿಂತ್ಕೋಬೇಕು ಕಣಪ್ಪ. ಮುಟ್ಟಬೇಡ ಅಂದ್ರೆ ಅಂಗಿ ಇಲ್ಲ." ಇವರು ಆ ಮಾತನ್ನು ಎಷ್ಟು ಸಲ ಹೇಳಿ ನಕ್ಕಿದ್ದಾರೋ. ಆ ಊರಿನ ದೊಡ್ಡಮನೆಯವರು ಬಂದು ತೋಳು ಚಾಚಿ ನಿಂತಾಗ ಎದೆಯ ಸುತ್ತಳತೆಯನ್ನು ಬೇಕೆಂದೇ ಎರಡು ಸಲ ತೆಗೆಯುತ್ತಿದ್ದರು.

ಅಂಗೈಗೆ ಬಂದ ಮೇಲೆ ಗಿರಾಕಿಗಳು ಅಳತೆಗೆ ಹಳೆಯ ಶರ್ಟು ತರತೊಡಗಿದರು. "ಇದರಂಗೇ ಹೊಲೀರಿ ಜಗನ್ನಣ್ಣ, ಅಳತೆ ಯಾಕೆ ಸುಮ್ನೆ" ಎಂದು ಕವರಿನಲ್ಲಿ ಹಾಕಿ ಟೇಬಲ್ಲಿನ ಮೇಲೆ ಇಟ್ಟು ಹೋಗುತ್ತಾರೆ. ಯಾರೂ ಬೇಡ ಎನ್ನುವುದಿಲ್ಲ, ಯಾರೂ ಬೈಯುವುದಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಇವರು ಹೇಳಿದರು: "ಇದು ಚರ್ಮಕ್ಕೋ, ಇನ್ನೊಂದಕ್ಕೋ ಗೊತ್ತಾಗಲ್ಲ ಕಣೇ. ಎರಡಕ್ಕೂ ಜನ ಒಂದೇ ಥರ ದೂರ ನಿಂತ್ಕೋತಾರೆ. ಯಾವುದಕ್ಕಪ್ಪ ಅಂತ ಕೇಳಕ್ಕಾಗಲ್ಲ." ನಾನು ಸಾರು ಬಡಿಸಿದೆ.

ಮಾತ್ರೆ ನುಂಗಿ ಲಿವರ್ ಕೆಡಲು ಶುರುವಾಯಿತು. ಬೆಂಗಳೂರಿನ ಚರ್ಮದ ಡಾಕ್ಟರಮ್ಮ ಮಾತ್ರೆ ನಿಲ್ಲಿಸಿ ಬೆಳಕಿನ ಚಿಕಿತ್ಸೆ ಬರೆದರು. ಬೀರುವಿನ ಹಾಗೆ ಒಂದು ಪೆಟ್ಟಿಗೆ, ಒಳಗೆಲ್ಲ ಟ್ಯೂಬ್‌ಲೈಟು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ನಿಲ್ಲಬೇಕು. ಎರಡೇ ನಿಮಿಷ, ವಾರಕ್ಕೆ ಮೂರು ದಿನ. ಆ ಎರಡು ನಿಮಿಷಕ್ಕೆ ಬೆಳಗಿನ ರೈಲು ಹತ್ತಿದರೆ ಬರುವುದು ಸಂಜೆಗೆ. ವಾರಕ್ಕೆ ಮೂರು ದಿನ ಅಂಗಡಿ ಬಾಗಿಲು ಹಾಕಬೇಕು. ಮೊದಲ ನಾಲ್ಕು ಸಲ ನಾನೂ ರಜ ಹಾಕಿ ಹೋದೆ. ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆದರೂ ನಮ್ಮ ಸೀಟಿನ ಪಕ್ಕ ಖಾಲಿ. ಒಂದು ಸಲ ಮಾತ್ರ ತೊಂಡೇಬಾವಿಯಲ್ಲಿ ಸೊಪ್ಪಿನ ಗಂಟು ಹೊತ್ತ ಗಂಗುಲಮ್ಮ ಎಂಬ ಅಜ್ಜಿ ಹತ್ತಿ, ಇವರ ಪಕ್ಕ ದೊಪ್ಪನೆ ಕೂತಳು. "ಏನಪ್ಪಾ ಇದು, ಸುಟ್ಟಿದ್ದಾ?" ಎಂದು ಇವರ ಕೈ ಎಳೆದುಕೊಂಡು ತನ್ನ ಮಡಿಲ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ದೊಡ್ಡಬಳ್ಳಾಪುರದಲ್ಲಿ ಇಳಿಯುವ ತನಕ ಆ ಕೈ ಬಿಡಲಿಲ್ಲ, ಮಾತಾಡುತ್ತಲೇ ಇದ್ದಳು. ಅವಳು ಇಳಿದ ಮೇಲೆ ಇವರು ಕಿಟಕಿ ಕಡೆ ತಿರುಗಿಕೊಂಡವರು ಯಲಹಂಕ ಬಂದರೂ ಈ ಕಡೆ ತಿರುಗಲಿಲ್ಲ.

ಆರನೇ ಸಲ ಹೋಗಿ ಬಂದು "ಇನ್ನು ಹೋಗಲ್ಲ" ಅಂದರು. ಮನೆಯಲ್ಲೇ ಇಟ್ಟುಕೊಳ್ಳುವ ಸಣ್ಣ ಪೆಟ್ಟಿಗೆ ಸಿಗುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ನಾವು ಕೊಳ್ಳುವಂಥದ್ದಲ್ಲ. ನಮ್ಮ ಕಾಲೇಜು ಸಿಬ್ಬಂದಿಗೆ ಮಾಡಿಸಿರುವ ವಿಮೆಯಲ್ಲಿ ಗಂಡನೂ ಸೇರುತ್ತಾನೆ ಎಂದು ನೆನಪಾಗಿ ಅರ್ಜಿ ಹಾಕಿದೆ. ಹೋದ ವಾರ ಉತ್ತರ ಬಂತು, ಇಂಗ್ಲಿಷಿನಲ್ಲಿ ಎರಡೇ ಸಾಲು. ಇದು ಸೌಂದರ್ಯಕ್ಕೆ ಸಂಬಂಧಿಸಿದ ಚಿಕಿತ್ಸೆ, ವಿಮೆ ಅನ್ವಯಿಸುವುದಿಲ್ಲ. ಫೋನ್ ಮಾಡಿದೆ. ಆ ಕಡೆ ಒಬ್ಬ ಹುಡುಗಿ, ಒಳ್ಳೆಯ ದನಿ. "ಇದರಿಂದ ಪೇಷಂಟಿಗೆ ಪ್ರಾಣಾಪಾಯ ಇದೆಯಾ ಮೇಡಂ?" ಎಂದು ಕೇಳಿದಳು.

"ಪ್ರಾಣಾಪಾಯ ಅಂತ ಇಲ್ಲಮ್ಮ."

"ಇಲ್ಲ ಅಂತ ಹಾಕ್ಕೊಳ್ಲಾ?"

ಹಾಕಿಕೋ ಅಂದೆ. ಇನ್ನೇನು ಹೇಳಲಿ, ಲಕ್ಷ್ಮಿ. ಇವರು ಹಜಾರದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. "ಸೌಂದರ್ಯಕ್ಕಂತಾ?" ಎಂದು ಒಂದು ಸಲ ನಕ್ಕು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಬರೆಯುತ್ತಾ ಬರೆಯುತ್ತಾ ಉದ್ದವಾಯಿತು. ನಿನ್ನ ಮೊಮ್ಮಗಳನ್ನು ನನ್ನ ಪರವಾಗಿ ಎತ್ತಿಕೋ. ನಿನ್ನ ಯಜಮಾನರಿಗೆ ನಮಸ್ಕಾರ.

ನಿನ್ನ
ತನು

ಗೌರಿಬಿದನೂರು
8 ಡಿಸೆಂಬರ್ 2024

ಪ್ರೀತಿಯ ಲಕ್ಷ್ಮಿ,

ನಿನ್ನ ಕಾಗದವೂ ಅವರೆಕಾಯಿಯ ಚೀಲವೂ ಒಂದೇ ದಿನ ಬಂದವು. ಸೊಗಡು ಎಂಥದ್ದು ಗೊತ್ತಾ, ಚೀಲ ಬಿಚ್ಚಿದ ತಕ್ಷಣ ಮನೆಯೆಲ್ಲ ಹರಡಿತು. ಹಿತಕಿ ಸಾರು ಮಾಡಿದೆ. ಇವರು ಎರಡು ಸಲ ಹಾಕಿಸಿಕೊಂಡರು. ಮೂರು ತಿಂಗಳಲ್ಲಿ ಇವರು ಕೇಳಿ ಹಾಕಿಸಿಕೊಂಡಿದ್ದು ಅದೊಂದೇ. ಉತ್ತರಿಸಲು ಮತ್ತೆ ತಡವಾಯಿತು. ಈ ಸಲ ಸೋಮಾರಿತನಕ್ಕಲ್ಲ.

"ಸುಮ್ನೆ ಬಿಡಬೇಡ ಕಣೇ, ಇನ್ನೊಂದ್ಸಲ ಕೇಳು" ಎಂದು ನೀನು ಬರೆದಿದ್ದೆಯಲ್ಲ, ಕೇಳಿದೆ. ನಮ್ಮ ಕಾಲೇಜಿಗೆ ವಿಮೆಯ ಕಾಗದಪತ್ರ ನೋಡಲು ರಮೇಶ್‌ಬಾಬು ಎಂಬ ಒಬ್ಬರು ತಿಂಗಳಿಗೊಮ್ಮೆ ಬರುತ್ತಾರೆ. ಚಿಂತಾಮಣಿಯವರೇ, ಬಾಯಿ ಬಿಟ್ಟರೆ ಅರ್ಧ ತೆಲುಗು. ತಿರಸ್ಕಾರದ ಕಾಗದ ತೋರಿಸಿದೆ. "ಅಯ್ಯೋ ಇದಕ್ಕೇನು ಮೇಡಂ, ಪರವಾಲೇದು. ಫಸ್ಟ್ ಸಲ ಎಲ್ಲಾರ್ಗೂ ಇಲ್ಲ ಅಂತಾರೆ" ಎಂದು ಪಾಲಿಸಿ ಪುಸ್ತಕ ತೆಗೆದು ಕೂತರು. ಮೂವತ್ತೊಂದನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಒಂದು ಕಲಂ ಇತ್ತು. ರೋಗಿಯನ್ನು ಮತ್ತೆ ಮತ್ತೆ ಆಸ್ಪತ್ರೆಗೆ ಕರೆದೊಯ್ಯುವುದು ಸಾಧ್ಯವಾಗದಿದ್ದರೆ, ಡಾಕ್ಟರ ಉಸ್ತುವಾರಿಯಲ್ಲಿ ಮನೆಯಲ್ಲೇ ಪಡೆಯುವ ಚಿಕಿತ್ಸೆಗೂ ವಿಮೆ ಇದೆ. ಇಷ್ಟು ವರ್ಷ ಆ ಪುಸ್ತಕ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು.

ರಮೇಶ್‌ಬಾಬು ಬೇಕಾದದ್ದನ್ನು ಹೇಳಿದರು. ಡಾಕ್ಟರಮ್ಮನ ವಿವರವಾದ ಪತ್ರ. ಮೈಯ ಕಲರ್ ಫೋಟೋ, ಮುಂದೆ, ಹಿಂದೆ, ಕೈ, ಕಾಲು. ಕೊನೆಗೆ ಮನೆಯವರು ಬರೆದ ಒಂದು ಪತ್ರ, ಈ ಕಾಯಿಲೆಯಿಂದ ದಿನದ ಬದುಕು ಹೇಗಾಗಿದೆ ಎಂದು. ಡಾಕ್ಟರಮ್ಮ ಎರಡೇ ದಿನದಲ್ಲಿ ಬರೆದು ಕಳಿಸಿದರು. ಫೋಟೋ ಕಷ್ಟವಾಯಿತು.

ಸ್ಟುಡಿಯೋಗೆ ಬರುವುದಿಲ್ಲ ಅಂದರು. ಅಂಗಡಿ ಪಕ್ಕದ ಫೋಟೋದವನು ಗೊತ್ತಿದ್ದವನೇ, ಅವನೂ ಬೇಡ. "ನೀನೇ ತೆಗಿ, ಫೋನಲ್ಲಿ" ಅಂದರು. ಒಳಗೆ ಬೆಳಕು ಸಾಲದು. ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ತಾರಸಿಗೆ ಹೋದೆವು. ಸುತ್ತಲ ಮನೆಗಳವರಿಗೆ ಕಾಣದ ಹಾಗೆ ಹಗ್ಗಕ್ಕೆ ಎರಡು ದುಪ್ಪಟಿ ಹಾಕಿದೆ. ಇವರು ಅಂಗಿ ಬಿಚ್ಚಿದರು.

ಲಕ್ಷ್ಮಿ, ನಾನು ಈ ಮನುಷ್ಯನನ್ನು ಹಗಲಿನ ಬೆಳಕಿನಲ್ಲಿ ಹೀಗೆ ನೋಡಿ ಎಷ್ಟು ವರ್ಷವಾಗಿತ್ತೋ. ಬೆನ್ನಿಗೆ ಮುಲಾಮು ಹಚ್ಚುವವಳು ನಾನೇ, ಆದರೆ ಆಗ ಇರುವುದು ಬಚ್ಚಲುಮನೆಯ ಮಂಕು ಬಲ್ಬು. ಮುಲಾಮು ಅಂಟುತ್ತದೆ ಎಂದು ಪ್ಲಾಸ್ಟಿಕ್ ಗ್ಲೌಸು ಹಾಕಿಕೊಂಡು, ನೋಡಿಯೂ ನೋಡದ ಹಾಗೆ ಹಚ್ಚಿ ಬಂದುಬಿಡುತ್ತೇನೆ. ಅವತ್ತು ಬಿಸಿಲಿನಲ್ಲಿ ಎಲ್ಲ ಕಂಡಿತು. ಹೆಗಲಿನಿಂದ ಸೊಂಟದವರೆಗೆ ಒಂದಕ್ಕೊಂದು ಕೂಡಿಕೊಂಡ ಕೆಂಪು ಪಟ್ಟೆಗಳು, ನಡುನಡುವೆ ಎಲ್ಲೋ ಅಂಗೈಯಗಲದ ಜಾಗದಲ್ಲಿ ಮಾತ್ರ ಮೊದಲಿನ ಬಣ್ಣ. ಬಿಸಿಲಿಗೆ ಹೊಟ್ಟೆಲ್ಲ ಬೆಳ್ಳಗೆ ಮಿನುಗುತ್ತಿತ್ತು. ಪಕ್ಕೆಯ ಫೋಟೋಗೆ "ಕೈ ಎತ್ತಿ" ಅಂದೆ. ಎರಡೂ ಕೈ ಎತ್ತಿ ನಿಂತರು. ಇಪ್ಪತ್ತೇಳು ವರ್ಷ ಬೇರೆಯವರನ್ನು ಹಾಗೆ ನಿಲ್ಲಿಸಿದ ಮನುಷ್ಯ. ಇಬ್ಬರಿಗೂ ಅದು ಹೊಳೆಯಿತು ಅನ್ನಿಸುತ್ತದೆ.

ಹದಿನಾಲ್ಕು ಫೋಟೋ ತೆಗೆದೆ. ಕೆಲವು ಮಸುಕಾದವು, ಮತ್ತೆ ತೆಗೆದೆ. "ಆಯ್ತಾ?" ಎಂದು ಎರಡು ಸಲ ಕೇಳಿದರು. ಆಯಿತು ಎಂದಾಗ ಅಂಗಿ ತೊಟ್ಟುಕೊಂಡು ಗುಂಡಿಯೆಲ್ಲ ಹಾಕಿಕೊಂಡು, "ಅವುನ್ನೆಲ್ಲಾ ಯಾರು ನೋಡ್ತಾರೆ?" ಎಂದು ಕೇಳಿದರು.

"ಆಫೀಸರು ಒಬ್ರು ನೋಡ್ತಾರಂತೆ."

"ಗಂಡಸಾ ಹೆಂಗಸಾ?"

"ನಂಗೇನ್ರೀ ಗೊತ್ತು?"

"ಯಾರಾದ್ರೂ ಆಗ್ಲಿ. ಊಟಕ್ಕೆ ಮುಂಚೆ ನೋಡದಿದ್ರೆ ಸಾಕು." ಅಷ್ಟು ಹೇಳಿ ಮೆಟ್ಟಿಲು ಇಳಿದು ಹೋದರು. ನಾನು ಹಗ್ಗದ ಮೇಲಿನ ದುಪ್ಪಟಿ ತೆಗೆದು ಮಡಿಸಿದೆ.

ಆಮೇಲೆ ಪತ್ರ. ಮೊದಲ ಸಲ ಒಂದು ಪುಟ ಬರೆದು ರಮೇಶ್‌ಬಾಬುಗೆ ತೋರಿಸಿದೆ. ಅವರು ಓದಿ ತಲೆ ಅಲ್ಲಾಡಿಸಿದರು. "ಏನ್ ಮೇಡಂ ಇದು, ರಜಾ ಅರ್ಜಿ ಬರ್ದಂಗೆ ಬರ್ದಿದ್ದೀರಿ! ತೊಂದ್ರೆ ಆಗಿದೆ, ಕಷ್ಟ ಆಗಿದೆ ಅಂದ್ರೆ ಯಾರ್ ಓದ್ತಾರೆ? ಗಟ್ಟಿಗಾ ಬರೀರಿ. ಅಲ್ಲಿ ಕೂತಿರೋನು ಓದಿ ಊಟ ಬಿಡಬೇಕು. ಅಂಗಿರಬೇಕು." ಅವರು ಒಳ್ಳೆಯವರೇ, ಒಳ್ಳೆಯದಕ್ಕೇ ಹೇಳಿದರು. ಅವತ್ತು ಎಲ್ಲರೂ ಹೋದ ಮೇಲೆ ಆಫೀಸಿನಲ್ಲೇ ಕೂತು ಹೊಸದಾಗಿ ಬರೆದೆ. ಕನ್ನಡದಲ್ಲೇ ಬರೆದೆ. ನಮ್ಮ ಇಂಗ್ಲಿಷ್ ಮೇಷ್ಟರು ಯೋಗನರಸಿಂಹ ಅವರು ಜೊತೆಗೆ ಇಂಗ್ಲಿಷ್ ಮಾಡಿಕೊಟ್ಟರು. ಅನುವಾದ ಕೊಡುವಾಗ ಅವರು ನನ್ನ ಮುಖ ನೋಡಲಿಲ್ಲ. ಏನೆಲ್ಲ ಬರೆದೆ ಎಂದು ನಿನಗೆ ಬರೆಯುವುದಿಲ್ಲ, ಅದನ್ನು ಎರಡು ಸಲ ಬರೆಯುವ ಶಕ್ತಿ ಇಲ್ಲ. ನಾಲ್ಕು ಪುಟವಾಯಿತು.

ನವೆಂಬರ್ ಇಪ್ಪತ್ತೈದಕ್ಕೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆವು. ಈಗ ಕಾಯುವುದು. ಇವರು ಏನೂ ಕೇಳುವುದಿಲ್ಲ. ಅಂಗಡಿಗೆ ಹೋಗುತ್ತಾರೆ, ಶಾಲೆಯ ಯೂನಿಫಾರಂ ಹೊಲಿಗೆ ಸಗಟಿನಲ್ಲಿ ಸಿಕ್ಕಿದೆ, ಅದಕ್ಕೆ ಯಾರನ್ನೂ ಅಳೆಯುವ ಹಾಗಿಲ್ಲ. ಸಂಜೆ ಬಂದು ಹಜಾರದಲ್ಲಿ ಮಲಗುತ್ತಾರೆ. ಹಾಸಿಗೆಯ ಮೇಲೆ ಉದುರುವುದನ್ನು ನಾನು ಗುಡಿಸುವ ಮೊದಲೇ ಎದ್ದು ತಾವೇ ಗುಡಿಸಿಬಿಡುತ್ತಾರೆ. ಇತ್ತೀಚೆಗೆ ಊಟದ ತಟ್ಟೆಯನ್ನೂ ತಾವೇ ತೊಳೆಯತೊಡಗಿದ್ದಾರೆ. ಬೇಡ ಅಂದರೂ ಕೇಳುವುದಿಲ್ಲ.

ಚಳಿ ಜಾಸ್ತಿಯಾಗಿದೆ, ಕಿವಿಗೆ ಹತ್ತಿ ಇಟ್ಟುಕೋ. ಮೊಮ್ಮಗಳಿಗೆ ಒಂದು ಲಂಗ ಹೊಲಿಸಿ ಇಟ್ಟಿದ್ದೇನೆ. ಅಳತೆ ನಾನೇ ಊಹಿಸಿ ಹೇಳಿದೆ. ಸರಿಯಾಗದಿದ್ದರೆ ತಪ್ಪು ನನ್ನದು, ಇವರದಲ್ಲ.

ನಿನ್ನ
ತನು

ಗೌರಿಬಿದನೂರು
20 ಜುಲೈ 2025

ಪ್ರೀತಿಯ ಲಕ್ಷ್ಮಿ,

ಕ್ಷಮಿಸು ಎಂದು ಬರೆಯಲೂ ಮುಖವಿಲ್ಲ. ಏಳು ತಿಂಗಳು! ನಡುವೆ ನಿನ್ನ ಮೂರು ಕಾಗದ ಬಂದವು. "ಸತ್ತಿದ್ದೀಯೋ ಬದುಕಿದ್ದೀಯೋ ಅಷ್ಟಾದರೂ ತಿಳಿಸು" ಎಂಬ ಕೊನೆಯ ಕಾಗದ ಓದಿ ನಗು ಬಂತು. ಬದುಕಿದ್ದೇನೆ. ನಿನಗೆ ಕಿವಿಯ ಮಿಷನ್ ಬಂದಿದ್ದು ಕೇಳಿ ಖುಷಿಯಾಯಿತು. ಕೋಳಿ ಕೂಗು ಅಷ್ಟು ಜೋರು ಎಂದು ಮರೆತೇಹೋಗಿತ್ತು ಎಂದಿದ್ದೀಯಲ್ಲ, ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಸಿಹಿಸುದ್ದಿ ಮೊದಲು. ಅರ್ಜಿ ಮಂಜೂರಾಯಿತು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಒಬ್ಬ ಅಧಿಕಾರಿಯೇ ಫೋನ್ ಮಾಡಿದರು, ಸ್ವಲ್ಪ ವಯಸ್ಸಾದ ದನಿ. "ನಿಮ್ಮ ಪತ್ರ ಓದ್ದೆ ಮೇಡಂ. ಫೋಟೋಗಿಂತ ನಿಮ್ಮ ಪತ್ರ ನೋಡೇ ನಾನು ಮಂಜೂರಿಗೆ ಬರ್ದಿದ್ದು" ಅಂದರು. ನಾನು ಆಫೀಸಿನ ಕಿಟಕಿ ಹತ್ತಿರ ನಿಂತು ಥ್ಯಾಂಕ್ಸ್ ಥ್ಯಾಂಕ್ಸ್ ಎಂದು ಅದೆಷ್ಟು ಸಲ ಅಂದೆನೋ. ಸಂಜೆವರೆಗೆ ಕಾಯಲಾಗದೆ ನೇರ ಅಂಗಡಿಗೆ ಓಡಿದೆ. ಇವರು ಕಾಜ ಹೊಲಿಯುತ್ತಿದ್ದರು. ಹೇಳಿದೆ. ಸೂಜಿ ನಿಲ್ಲಿಸಿ, "ಒಳ್ಳೇದಾಯ್ತು. ತುಂಬಾ ಓಡಾಡ್ದೆ ನೀನು" ಅಂದರು. ನನ್ನಷ್ಟು ಖುಷಿ ಇವರಿಗೆ ಕಾಣಲಿಲ್ಲ. ದಣಿವು ಇರಬೇಕು ಅಂದುಕೊಂಡೆ.

ಮಾರ್ಚಿನಲ್ಲಿ ಪೆಟ್ಟಿಗೆ ಬಂತು. ಎದೆಯೆತ್ತರ, ಬಾಗಿಲು ತೆರೆದರೆ ಆರು ಟ್ಯೂಬು. ಜೊತೆಗೆ ಬಂದವನು ಎಲ್ಲ ಹೇಳಿಕೊಟ್ಟ. ಎಷ್ಟು ದೂರ ನಿಲ್ಲಬೇಕು, ಯಾವ ವಾರ ಎಷ್ಟು ಸೆಕೆಂಡು, ಕಣ್ಣಿಗೆ ಕಟ್ಟಿಕೊಳ್ಳುವ ಕನ್ನಡಕ. ಸಂಘಮಿತ್ರಳ ಕೋಣೆಯಲ್ಲಿ ಇಟ್ಟೆವು. ಮೊದಲ ವಾರ ನಾನು ಬಾಗಿಲ ಹೊರಗೆ ನಿಂತು ಸೆಕೆಂಡು ಎಣಿಸಿದೆ. ಬಾಗಿಲ ಸಂದಿಯಿಂದ ನೀಲಿ ಬೆಳಕು ನನ್ನ ಪಾದದ ಮೇಲೆ ಬೀಳುತ್ತಿತ್ತು. ಎರಡನೇ ವಾರ, "ಅದರಲ್ಲೇ ಟೈಮರ್ ಇದೆಯಲ್ಲ, ನಂಗಾಗತ್ತೆ, ನೀನು ಹೋಗು" ಅಂದರು. ಬೆನ್ನಿಗೆ ಎಣ್ಣೆ ಹಚ್ಚಲು ಉದ್ದ ಹಿಡಿಯ ಬ್ರಷ್ಷೊಂದನ್ನು ಎಲ್ಲಿಂದಲೋ ತಂದುಕೊಂಡರು.

ಯುಗಾದಿ ಆದ ಹದಿನೈದು ದಿನಕ್ಕೆ ಹೊಟ್ಟು ನಿಂತಿತು. ಮೇ ತಿಂಗಳಲ್ಲಿ ಕೆಂಪು ಇಳಿದು ಕಂದು ಕಲೆ ಉಳಿಯಿತು. ಅಂಗೈ ಎಲ್ಲಕ್ಕಿಂತ ಕೊನೆಗೆ ತಿಳಿಯಾಯಿತು. ಡಾಕ್ಟರಮ್ಮ ನೋಡಿ, "ಮತ್ತೆ ಬರಬಹುದು, ಹೆದರಬೇಡಿ, ಪೆಟ್ಟಿಗೆ ಮನೆಯಲ್ಲೇ ಇದೆಯಲ್ಲ" ಅಂದರು.

ಈಗ ಅಂಗಡಿಯಲ್ಲಿ ಜನ. ಅರ್ಧ ತೋಳಿನ ಅಂಗಿ ತೊಟ್ಟು ಹೋಗುತ್ತಾರೆ, ಒಂಬತ್ತು ವರ್ಷದ ಮೇಲೆ. ಹೋದ ತಿಂಗಳು ಇವರ ಊರಿನ ದೊಡ್ಡಮನೆಯ ಚೆನ್ನರಾಯಪ್ಪನವರು ಮಗನ ಮದುವೆಗೆ ಸೂಟು ಹೊಲಿಸಲು ಬಂದರಂತೆ. ಎರಡು ವರ್ಷ ಹಳೆಯ ಶರ್ಟು ಕಳಿಸುತ್ತಿದ್ದವರು, ಈಗ ಖುದ್ದಾಗಿ ತೋಳು ಚಾಚಿ ನಿಂತರಂತೆ. ಇವರು ಅದನ್ನು ಪಕ್ಕದ ಅಂಗಡಿಯವರಿಗೆ ಹೇಳಿ ನಗುತ್ತಿದ್ದುದನ್ನು ರಸ್ತೆಯಿಂದ ಕೇಳಿಸಿಕೊಂಡೆ. ಆ ನಗು ಕೇಳಿ ಎಷ್ಟು ದಿನವಾಗಿತ್ತು! ನನ್ನನ್ನು ಕಂಡಕೂಡಲೆ ನಗು ನಿಲ್ಲಿಸಿ, "ಬಾರಮ್ಮ, ಕೂತ್ಕೋ" ಎಂದು ಗಿರಾಕಿಗೆ ಹಾಕುವ ಸ್ಟೂಲು ಎಳೆದುಕೊಟ್ಟರು.

ಹೀಗೇ ಇದೆ ನೋಡು. ಜಗಳ ಇಲ್ಲ, ಒರಟು ಮಾತಿಲ್ಲ. ನೀರು ಕೊಟ್ಟರೆ "ಥ್ಯಾಂಕ್ಸಮ್ಮ" ಅನ್ನುತ್ತಾರೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನಗೆ ಥ್ಯಾಂಕ್ಸ್ ಅಂದವರಲ್ಲ. ಮೈ ವಾಸಿಯಾದ ಮೇಲೆ ಹಾಸಿಗೆ ಒಳಗೆ ಹಾಕಿದೆ. "ಹಜಾರದಲ್ಲಿ ಗಾಳಿ ಬರತ್ತೆ" ಎಂದು ಎತ್ತಿಕೊಂಡು ಹೋದರು. ದಾರಿಯಲ್ಲಿ ಎದುರಾದರೆ ಗೋಡೆಗೆ ಸರಿದು ನನಗೆ ಜಾಗ ಬಿಡುತ್ತಾರೆ. ಒಂದು ದಿನ ಹೋಳಿಗೆ ಮಾಡುವಾಗ ಕೈ ಸುಟ್ಟುಕೊಂಡೆ. ಓಡಿ ಬಂದರು. ಬಂದವರು ಒಂದು ಮಾರು ದೂರದಲ್ಲಿ ನಿಂತು, "ನೀರಲ್ಲಿ ಹಿಡಿ, ನೀರಲ್ಲಿ ಹಿಡಿ" ಅಂದರು.

ಊರಿನವರೆಲ್ಲ "ಎಂಥಾ ಹೆಂಡ್ತಿ ಪಡ್ಕೊಂಡಿದ್ದೀಯ ಜಗನ್ನ, ಓಡಾಡಿ ಓಡಾಡಿ ಉಳಿಸ್ಕೊಂಡ್ಳು" ಅನ್ನುತ್ತಾರೆ. ಇವರು ಹೌದು ಹೌದು ಎಂದು ತಲೆ ಆಡಿಸುತ್ತಾರೆ. ಮನಸಾರೆಯೇ ಹಾಗನ್ನುತ್ತಾರೆ, ಅದು ನನಗೆ ಗೊತ್ತು.

ಸಂಘಮಿತ್ರ ರಜೆಗೆ ಬಂದಿದ್ದಳು. ಅಪ್ಪನ ಕೈ ಹಿಡಿದುಕೊಂಡು ಊರೆಲ್ಲ ಸುತ್ತಿದಳು. ಅವಳು ಹೋದ ಮೇಲೆ ಮನೆ ಇನ್ನಷ್ಟು ದೊಡ್ಡದಾಗಿದೆ. ನೀನೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗು. ಹುಳ ಹಣ್ಣಾಗಿ ಗೂಡು ಕಟ್ಟಿ, ಆ ಗೂಡು ಮಾರಿದ ಮೇಲಾದರೂ ಬಾ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡಿನ ಜೊತೆ ನಿನ್ನ ಯಜಮಾನರು ಬಂದೇ ಬರುತ್ತಾರಲ್ಲ, ಅಲ್ಲಿಂದ ಬಸ್ ಹತ್ತಿಸಲಿ. ನಿನ್ನ ಮಕ್ಕಳು ಮೊಮ್ಮಕ್ಕಳೆಲ್ಲ ಚೆನ್ನಾಗಿರಲಿ. ನಿನ್ನ ಕೈಗೆ, ನಿನ್ನ ಮನೆಯ ಬೆಳೆಗೆ ಒಳ್ಳೆಯದಾಗಲಿ.

ನಿನ್ನ
ತನು

ಮರೆತ ಮಾತು: ಮರೆತಿದ್ದಲ್ಲ. ಮೇಲಿನದನ್ನೆಲ್ಲ ಬರೆದು, ಲಕೋಟೆಗೆ ಹಾಕಿ, ಮತ್ತೆ ಬಿಚ್ಚಿದ್ದೇನೆ.

ಹೋದ ಸೋಮವಾರ ವಿಮೆಯವರಿಂದ ಒಂದು ನಮೂನೆ ಬಂತು. ಚಿಕಿತ್ಸೆಯಿಂದ ಏನಾಗಿದೆ ಎಂದು ಬರೆದು ರೋಗಿಯ ಸಹಿ ಹಾಕಿಸಿ ಕಳಿಸಬೇಕು. ಬರೆದು ಇವರ ಮುಂದೆ ಇಟ್ಟೆ. ಪೆನ್ನು ತೆಗೆದುಕೊಂಡು, "ಈ ಸಲ ಏನು ಬರ್ದಿದ್ದೀಯ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಆಗ ಇವರು ಪಾಠ ಒಪ್ಪಿಸುವ ಹಾಗೆ, ಮೆಲ್ಲಗೆ, ಒಂದಕ್ಷರ ತಪ್ಪದೆ ಹೇಳಿದರು: "ಕಟ್ಟಿಕೊಂಡ ಹೆಂಡತಿಯಾದ ನನಗೇ ಅವರನ್ನು ಮುಟ್ಟಲು ಹೇಸಿಗೆಯಾಗುತ್ತದೆ."

ನವೆಂಬರಿನಲ್ಲಿ ನಾನು ಬರೆದ ಪತ್ರದ ಮೂರನೇ ಪುಟದ ಸಾಲು ಅದು. ಪ್ರತಿ ಪುಟದ ಕೆಳಗೂ ರೋಗಿಯ ಸಹಿ ಬೇಕೆಂದು ರಮೇಶ್‌ಬಾಬು ಹೇಳಿದ್ದರಿಂದ ನಾಲ್ಕೂ ಪುಟ ಅಂಗಡಿಗೆ ಒಯ್ದು ಕೊಟ್ಟಿದ್ದೆ. ಗಿರಾಕಿಗಳಿದ್ದರು. ಇವರು ಹಾಳೆ ತಿರುವಿ ತಿರುವಿ ನಾಲ್ಕು ಸಹಿ ಹಾಕಿ ಕೊಟ್ಟರು. ಓದಲಿಲ್ಲ ಅಂದುಕೊಂಡಿದ್ದೆ. ಓದಿದ್ದರು. ಓದಿ, ಆ ಸಾಲಿನ ಕೆಳಗೆ ತಮ್ಮ ಹೆಸರು ಬರೆದುಕೊಟ್ಟಿದ್ದರು. ಗೂಡಿನಲ್ಲಿಟ್ಟ ಲೋಟದಲ್ಲಿ ಕುಡಿದವರ ಮಗ, ಲಕ್ಷ್ಮಿ.

"ಅದು ಸುಳ್ಳು ರೀ. ಪೆಟ್ಟಿಗೆ ಸಿಗ್ಲಿ ಅಂತ ಬರ್ದಿದ್ದು" ಅಂದೆ.

"ಅದಕ್ಕೇ ಸಿಕ್ತಲ್ಲ. ನೀನೇನೂ ತಪ್ಪು ಮಾಡಿಲ್ಲ."

"ಅವತ್ತೇ ಹೇಳಬಾರದಿತ್ತಾ? ಹೊಡೆದುಹಾಕು ಅಂದಿದ್ರೆ ಹೊಡೆದು ಹಾಕ್ತಿದ್ದೆ."

"ಕಾಗದದಿಂದ ಹೋಗ್ತಿತ್ತು, ಅಷ್ಟೇ" ಅಂದರು. ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆಗೆ ತಳ್ಳಿದರು.

ಆ ನಾಲ್ಕು ಪುಟದಲ್ಲಿ ನಾನು ಹೊಡೆದುಹಾಕದ, ತಿದ್ದದ ಸಾಲೇ ಇರಲಿಲ್ಲ. ಮತ್ತೆ ಮತ್ತೆ ಬರೆದು ಮೂರು ಸಲ ಹಾಳೆ ಬದಲಾಯಿಸಿದ್ದೆ. ಆ ಒಂದು ಸಾಲು ಮಾತ್ರ ಮೊದಲ ಸಲವೇ ಬಂತು, ಪೆನ್ನು ಎಲ್ಲೂ ನಿಲ್ಲಲಿಲ್ಲ. ಅದು ಸುಳ್ಳು ಎಂದು ಅವರಿಗೆ ಹೇಳಿದೆ. ನಿನಗೆ ಹಾಗೆ ಹೇಳಲಾರೆ.